ಆತುರಕ್ಕೆ ತೆರೆಯದ ಮುಚ್ಚಳ

ಜನವರಿ ೯

ಅಪ್ಪ,

ಈ ಕಾಗದದ ಜೊತೆ ಒಂದು ಪೊಟ್ಟಣ ಬಂದಿರುತ್ತದೆ. ಒಳಗೆ ಆರು ಪ್ಲಾಸ್ಟಿಕ್ ಬಾಟಲಿ, ಎಲ್ಲದರಲ್ಲೂ ಒಣ ಬಟಾಣಿ. ಅದನ್ನು ಅಡುಗೆಮನೆಗೆ ಕೊಟ್ಟುಬಿಡಬೇಡ. ಮಾತ್ರೆ ಬಾಟಲಿಗಾಗಿ ನಾನು ಮಾಡಿರುವ ಹೊಸ ಮುಚ್ಚಳ ಅದು, ಹದಿನಾರನೇ ಮಾದರಿ. ಅಂಗೈಯಿಂದ ಕೆಳಕ್ಕೆ ಒತ್ತಬೇಕು, ಒತ್ತಿಕೊಂಡೇ ತಿರುಗಿಸಬೇಕು. ಬರೀ ತಿರುಗಿಸಿದರೆ ಟಕಟಕ ಅನ್ನುತ್ತದೆಯೇ ಹೊರತು ತೆರೆಯುವುದಿಲ್ಲ. ಮಕ್ಕಳ ಕೈಗೆ ತೆರೆಯಬಾರದು, ವಯಸ್ಸಾದವರ ಕೈಗೆ ತೆರೆಯಬೇಕು. ಇಷ್ಟೇ ಕೆಲಸ. ಈ ಇಷ್ಟೇ ಕೆಲಸಕ್ಕೆ ಎರಡು ವರ್ಷ ಹಿಡಿಯಿತು.

ಕಾರ್ಖಾನೆಯಲ್ಲಿ ನಮ್ಮ ಕೋಣೆಯನ್ನು ನೀನು ನೋಡಬೇಕು. ಮೂರು ವರ್ಷದ ಮಗು ಏನೇನು ಮಾಡೀತು ಎಂದು ತಿಳಿಯಲು ನಾವು ನಾಲ್ವರು ದೊಡ್ಡವರು ನೆಲದ ಮೇಲೆ ಕೂತು ಮುಚ್ಚಳ ಕಚ್ಚುತ್ತೇವೆ, ಅದರ ಮೇಲೆ ಕುಳಿತು ಕುಪ್ಪಳಿಸುತ್ತೇವೆ, ಬಾಗಿಲ ಸಂದಿಗೆ ಸಿಕ್ಕಿಸುತ್ತೇವೆ. ಚಿಕ್ಕಂದಿನಲ್ಲಿ ಇದಕ್ಕೆಲ್ಲ ಅಮ್ಮ ಬೆನ್ನಿಗೆ ಕೊಡುತ್ತಿದ್ದಳು, ಇಲ್ಲಿ ಸಂಬಳ ಕೊಡುತ್ತಾರೆ.

ವಯಸ್ಸಾದವರ ಪರೀಕ್ಷೆಗೆ ಜನ ಸಿಗಲಿಲ್ಲ. ನಮ್ಮ ಮುಖ್ಯಸ್ಥೆ, "ನಿಮ್ಮ ನಿಮ್ಮ ಅಪ್ಪ ಅಮ್ಮ ಇದಾರಲ್ರೀ, ಅವ್ರಿಗೇ ಕಳ್ಸಿ" ಅಂದರು. ಅವರನ್ನು ನಾವು ಹಿಂದಿನಿಂದ ಅಳತೆಪಟ್ಟಿ ಅನ್ನುತ್ತೇವೆ, ಬಿಸ್ಕತ್ತನ್ನೂ ಅಳೆದು ತಿನ್ನುವ ಜಾತಿ. ನನ್ನ ಪಾಲಿಗೆ ನೀನು. ನಲವತ್ತು ವರ್ಷ ಬೀಗ ರಿಪೇರಿ ಮಾಡಿದವನಿಗಿಂತ ಒಳ್ಳೆ ಪರೀಕ್ಷಕ ಎಲ್ಲಿ ಸಿಗಬೇಕು? ಪ್ರತಿ ಬಾಟಲಿಯನ್ನೂ ಐದು ಸಲ ತೆರೆದು ಮುಚ್ಚಿ, ಫಾರಂ ತುಂಬಿ ಕಳಿಸು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ "ಎಲ್ಲಾ ಚೆನ್ನಾಗಿದೆ" ಅಂದುಬಿಡುತ್ತೀಯ.

ತಮ್ಮನಿಗೂ ಅವನ ಹೆಂಡತಿಗೂ ನೆನಪು ಹೇಳು. ಅವರ ಮಗಳು ಇಲಿಮರಿಗೆ ಒಂದು ಮುತ್ತು.

ಮಗಳು


ಜನವರಿ ೨೦

ಪ್ರೀತಿಯ ಸ್ಕ್ರೂರಾಣಿಗೆ,

ಪೊಟ್ಟಣ ಸೇರಿತು. ಏನು ಮುಚ್ಚಳವಮ್ಮ ಅದು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಆರೂ ಬಾಟಲಿ, ಐದೈದು ಸಲ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಕೀಲಿ ಮಾಡಿಸಲು ಬಂದ ಒಬ್ಬ ಮೇಷ್ಟರು, "ನಿಮ್ಮ ಮಗಳು ಮಾಡಿದ್ದಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದೆ. ಮೂರನೇ ಸಲ ಅವರು ಕೇಳಲಿಲ್ಲ, ನಾನೇ ಹೇಳಿದೆ.

ಫಾರಂ ತುಂಬಿದ್ದು ಸೊಸೆ, ನನ್ನ ಕನ್ನಡಕ ರಿಪೇರಿಗೆ ಹೋಗಿತ್ತು. ಎಲ್ಲ ಕಡೆಯೂ "ಬಹಳ ಸುಲಭ" ಎಂದು ಬರೆಸಿದ್ದೇನೆ. ಬಟಾಣಿ ತೆಗೆದು ಒಂದು ಬಾಟಲಿಗೆ ನನ್ನ ರಕ್ತದೊತ್ತಡದ ಮಾತ್ರೆ ತುಂಬಿಸಿಕೊಂಡಿದ್ದೇನೆ. ಮಗಳ ಮುಚ್ಚಳ ಇರುವಾಗ ಬೇರೆಯವರದ್ದು ಯಾಕೆ?

ಇಲಿಮರಿಗೆ ಮೂರೂವರೆ ತುಂಬಿತು. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಒಳಗೆ ಏನಿದೆ ಎಂದು ನೋಡುತ್ತಾಳೆ. ಯಾರ ಹಾಗೆ ಎಂದು ಹೇಳಬೇಕಾಗಿಲ್ಲ.

ಅಂಗಡಿ ನಡೆಯುತ್ತಿದೆ. ಎಲ್ಲ ಚೆನ್ನಾಗಿದೆ.

ನಿನ್ನ ಅಪ್ಪ


ಫೆಬ್ರವರಿ ೬

ಅಪ್ಪ,

ಗೆದ್ದೆವು! ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿಗೆ ಹತ್ತು ನಿಮಿಷ ಗುದ್ದಾಡಿದರೂ ತೆರೆಯಲಾಗಲಿಲ್ಲ. ತೆರೆದವಳು ಒಬ್ಬಳೇ, ಹಲ್ಲಿನಿಂದ. ಅವಳ ಹಲ್ಲು ನೋಡಿದ ಮೇಲೆ ಅಳತೆಪಟ್ಟಿಯವರು ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡವೆಂದರು.

ವಯಸ್ಸಾದವರದ್ದು ಇನ್ನೂ ದೊಡ್ಡ ಸುದ್ದಿ. ಇಪ್ಪತ್ತೆಂಟು ಜನರಿಗೆ ಕಳಿಸಿದ್ದೆವು. ಇಪ್ಪತ್ತೆಂಟೂ ಜನ ತೆರೆದಿದ್ದಾರೆ! ಒಬ್ಬರಿಂದಲೂ ಒಂದು ದೂರಿಲ್ಲ. ನಿನ್ನ ಫಾರಂ ಗೋಡೆಗೆ ಅಂಟಿಸಿದ್ದಾರೆ. ಅದರ ಪಕ್ಕದಲ್ಲಿ ಡ್ರೈವರಣ್ಣನ ತಾಯಿಯದ್ದು: "ನನ್ನ ಮಗ ಕೆಲಸ ಮಾಡುವ ಕಾರ್ಖಾನೆಯ ಮುಚ್ಚಳ ತೆರೆಯದೆ ಇರುತ್ತದೆಯೇ?" ನಾವೆಲ್ಲ ಓದಿ ನಕ್ಕೆವು.

ಮಾರ್ಚ್ ಹದಿನೈದಕ್ಕೆ ಉಕ್ಕಿನ ಅಚ್ಚು ಕೊರೆಯುತ್ತಾರೆ. ಆಮೇಲೆ ನನ್ನ ಮುಚ್ಚಳ ಲಕ್ಷಗಟ್ಟಲೆ ಬಾಟಲಿಗಳ ಮೇಲೆ ಕೂರುತ್ತದೆ. ನಿಜ ಹೇಳಲಾ? ನಿನ್ನೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ, ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮಗಳು


ಫೆಬ್ರವರಿ ೧೫

ಮಗಳೇ,

ಕಾಗದ ಓದಿ ಸಂತೋಷವಾಯಿತು. ಇಲ್ಲಿ ಎಲ್ಲ ಚೆನ್ನಾಗಿದೆ.

ಉಕ್ಕಿನ ಅಚ್ಚನ್ನು ಒಂದು ಸಲ ಕೊರೆದರೆ ಆಮೇಲೆ ಸ್ವಲ್ಪ ಬದಲಾಯಿಸಲು ಬರುತ್ತದೆಯೇ? ಸುಮ್ಮನೆ ಕೇಳಿದೆ.

ಅಪ್ಪ


ಫೆಬ್ರವರಿ ೨೪

ಅಪ್ಪ,

ಬರುವುದಿಲ್ಲ. ಕೊರೆದರೆ ಕೊರೆದ ಹಾಗೆಯೇ. ಯಾಕೆ ಕೇಳಿದೆ?

ನಿನ್ನ ಕಾಗದ ನಾಲ್ಕು ಸಾಲಿತ್ತು. ನಾಲ್ಕು ಸಾಲಿನಲ್ಲಿ ಒಂದು ಸಾಲು ಎಲ್ಲ ಚೆನ್ನಾಗಿದೆ ಎಂದು. ತಮ್ಮನಿಗೆ ಫೋನ್ ಮಾಡಿದರೆ, "ಏನಿಲ್ಲ ಅಕ್ಕ, ಅಪ್ಪನ್ನೇ ಕೇಳು" ಅಂದ. ಏನೂ ಇಲ್ಲದಿದ್ದರೆ ನಿನ್ನನ್ನು ಕೇಳುವುದಾದರೂ ಏನನ್ನು?

ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಾಗಿದೆ, ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆಯೂ ನೀನು ಹೀಗೆಯೇ ಬರೆದಿದ್ದೆ. "ಅಮ್ಮನಿಗೆ ಸ್ವಲ್ಪ ಜ್ವರ, ಎಲ್ಲ ಚೆನ್ನಾಗಿದೆ." ಆ ಕಾಗದ ನಂಬಿಕೊಂಡು ನಾನು ಇಲ್ಲಿ ಒಂದು ಸ್ಪ್ರಿಂಗಿನ ಉದ್ದ ಎಷ್ಟಿರಬೇಕು ಎಂದು ಜಗಳವಾಡುತ್ತಾ ಕೂತಿದ್ದೆ. ನಾನು ಬಂದಾಗ ಅಮ್ಮನ ಮಂಚದ ಹಾಸಿಗೆ ಮಡಚಿ ಇಟ್ಟಿದ್ದಿರಿ. ಅವತ್ತಿನಿಂದ ನಿನ್ನ ಆ ಎರಡು ಪದ ಓದಿದರೆ ಮುಂದಿನ ಸಾಲು ನಾನು ನಂಬುವುದಿಲ್ಲ. ನಾನು ಊರಿಗೆ ಬರದೆ ಇರುವುದಕ್ಕೆ ರಜೆ ಸಿಗದಿರುವುದು ಕಾರಣವಲ್ಲ. ಬಂದರೆ ಅದನ್ನೇ ನಿನ್ನ ಬಾಯಿಂದ ಕೇಳಬೇಕಲ್ಲ ಎಂದು.

ಏನಾಗಿದೆ ಹೇಳು.

ಮಗಳು


ಮಾರ್ಚ್ ೨

ಮಗಳೇ,

ಮೂರು ದಿನದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ. ಇವತ್ತು ಹರಿಯುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ಕಾರಣ ಕೆಳಗಿದೆ.

ನಿನ್ನ ಮುಚ್ಚಳ ನನ್ನಿಂದ ಒಂದು ಸಲವೂ ತೆರೆಯಲು ಆಗಲಿಲ್ಲ. ಒತ್ತಿದರೆ ತಿರುಗಿಸಲು ಆಗದು, ತಿರುಗಿಸಹೋದರೆ ಒತ್ತಿದ್ದು ಬಿಟ್ಟುಹೋಗುತ್ತದೆ. ಬಲಗೈಯ ಮೂರು ಬೆರಳಿಗೆ ಒಂದು ವರ್ಷದಿಂದ ಬಲವಿಲ್ಲ. ನಡುಕವೂ ಇದೆ. ಅಂಗಡಿ ನಡೆಯುತ್ತಿದೆ ಎಂದಿದ್ದೆನಲ್ಲ, ನಡೆಸುತ್ತಿರುವುದು ಪಕ್ಕದ ಅಂಗಡಿಯವನು, ಕೀಲಿ ಕೊರೆಯುವ ಯಂತ್ರ ಇಟ್ಟುಕೊಂಡು. ನಾನು ಸ್ಟೂಲಿನ ಮೇಲೆ ಕೂತು ಬಂದವರನ್ನು ಮಾತನಾಡಿಸುತ್ತೇನೆ. ಆರೂ ಬಾಟಲಿ ತೆರೆದದ್ದು ಸೊಸೆ. ಪಾಪ, ಅವಳು "ಸುಳ್ಳು ಯಾಕೆ ಮಾವಾ?" ಎಂದಳು. "ಸುಳ್ಳಲ್ಲಮ್ಮ, ನನ್ನ ಕೈ ಸರಿ ಇದ್ದಿದ್ರೆ ತೆರೀತಿತ್ತು" ಎಂದೆ.

ಮಾತ್ರೆ ಮಾತ್ರ ಆ ಬಾಟಲಿಗೇ ತುಂಬಿಸಿಕೊಂಡೆ, ಜಂಬಕ್ಕೆ. ದಿನಾ ಬೆಳಿಗ್ಗೆ ಸೊಸೆಯನ್ನು ಕರೆಯಲು ನಾಚಿಕೆಯಾಗಿ ಮುಚ್ಚಳವನ್ನು ಬಿಗಿಮಾಡದೆ ಸುಮ್ಮನೆ ಮೇಲೆ ಇಟ್ಟಿರುತ್ತಿದ್ದೆ.

ಫೆಬ್ರವರಿ ಹನ್ನೆರಡು, ಭಾನುವಾರ ಬೆಳಿಗ್ಗೆ. ಮನೆಯಲ್ಲಿ ಸದ್ದೇ ಇರಲಿಲ್ಲ. ಇಲಿಮರಿ ಇರುವ ಮನೆಯಲ್ಲಿ ಸದ್ದಿಲ್ಲ ಎಂದರೆ ಏನೋ ನಡೆದಿದೆ ಎಂದೇ ಅರ್ಥ. ಬಗ್ಗಿ ನೋಡಿದರೆ ಮಂಚದ ಕೆಳಗೆ ಕೂತಿದ್ದಾಳೆ, ಪಕ್ಕದಲ್ಲಿ ಖಾಲಿ ಬಾಟಲಿ ಉರುಳಿದೆ, ಬಾಯಿಯ ಸುತ್ತ ಬೆಳ್ಳಗೆ. ನನ್ನ ಜೀವ ಬಾಯಿಗೆ ಬಂತು. ಮನೆಯವರನ್ನೆಲ್ಲ ಕೂಗಿದೆ. ನಿನ್ನ ತಮ್ಮ ಓಡಿಬಂದು ಅವಳನ್ನು ಎಳೆದು ಬಾಯಿಗೆ ಬೆರಳು ಹಾಕಿದ, ಅವಳು ಕಚ್ಚಿದಳು.

ಅವಳ ಹಿಂದೆ ಒಂದು ರಟ್ಟಿನ ಡಬ್ಬಿ ಇತ್ತು. ಅದರ ಒಂದು ಬದಿಗೆ ನನ್ನ ಮಾತ್ರೆಗಳನ್ನೆಲ್ಲ ಸಾಲಾಗಿ ಅಂಟಿಸಿದ್ದಾಳೆ. ಅಂಟಿಗೆ ಹಿಟ್ಟು ಕಲಸಿಕೊಂಡಿದ್ದಾಳೆ, ರುಚಿ ನೋಡಿದ್ದು ಆ ಹಿಟ್ಟನ್ನು. "ತಾತ, ಇದು ಲಿಫ್ಟು. ಯಾವ ಮಹಡಿಗೆ ಹೋಗ್ಬೇಕು ಒತ್ತು" ಎಂದಳು. ಅವತ್ತು ನಾನು ಯಾವ ಮಹಡಿಯಲ್ಲಿದ್ದೆನೋ ನನಗೇ ಗೊತ್ತಿಲ್ಲ.

ಒಂದನೇ ತಾರೀಕು ಮೂವತ್ತು ಮಾತ್ರೆ ತುಂಬಿದ್ದೆ. ಹನ್ನೊಂದು ದಿನ ನುಂಗಿದ್ದೇನೆ, ಹತ್ತೊಂಬತ್ತು ಇರಬೇಕು. ಡಬ್ಬಿಯ ಮೇಲಿದ್ದದ್ದು ಹದಿನೆಂಟು. ಮೂರು ಸಲ ಎಣಿಸಿದೆವು. ಮಂಚ ಎತ್ತಿದೆವು, ಚಾಪೆ ಕೊಡವಿದೆವು, ಅವಳ ಜೇಬು ತಡಕಿದೆವು. ಇಲ್ಲ. ಮಗುವನ್ನು ಎತ್ತಿಕೊಂಡು, ಡಬ್ಬಿಯನ್ನೂ ಹಿಡಿದುಕೊಂಡು ದವಾಖಾನೆಗೆ ಓಡಿದೆವು. ನಾನೂ ಓಡಿದೆ ಎಂದರೆ ನಂಬುತ್ತೀಯಾ? ಡಾಕ್ಟರಮ್ಮ ಮಗುವಿನ ನಾಡಿ, ಕಣ್ಣು ಎಲ್ಲ ನೋಡಿ, ಡಬ್ಬಿಯನ್ನೂ ನೋಡಿ, ಕೊನೆಗೆ ನನ್ನ ಕಡೆ ತಿರುಗಿ ಕೇಳಿದರು, "ಅಜ್ಜಾ, ಇವತ್ತಿನ ಮಾತ್ರೆ ನೀವು ತಗೊಂಡ್ರಾ?"

ತೆಗೆದುಕೊಂಡಿದ್ದೆ. ಎದ್ದ ಕೂಡಲೇ. ಆ ಒಂದು ಮಾತ್ರೆ ನನ್ನ ಹೊಟ್ಟೆಯಲ್ಲೇ ಇತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಸೊಸೆ ನನ್ನ ಬೆನ್ನು ಸವರಿದಳು. ಆದರೂ ಸಂಜೆಯವರೆಗೆ ಮಗುವನ್ನು ಅಲ್ಲೇ ಇರಿಸಿಕೊಂಡು ನೋಡಿದರು. ಅವಳು ಅಲ್ಲಿದ್ದವರನ್ನೆಲ್ಲ ಲಿಫ್ಟಿನಲ್ಲಿ ಮೇಲೆ ಕೆಳಗೆ ಮಾಡಿಸುತ್ತಿದ್ದಳು. ಅಕ್ಕನಿಗೆ ಹೇಳಬೇಡಿ ಎಂದು ನಿನ್ನ ತಮ್ಮನ ಬಾಯಿಗೆ ಬೀಗ ಹಾಕಿದ್ದೂ ನಾನೇ.

ನನ್ನ ಹಾಗೆ ತೆರೆಯಲಾಗದ ಮುದುಕರೆಲ್ಲ ಮುಚ್ಚಳ ಸಡಿಲ ಬಿಡುತ್ತಾರೆ ಮಗಳೇ. ಲಕ್ಷಗಟ್ಟಲೆ ಬಾಟಲಿ ಎಂದೆಯಲ್ಲ, ಅದು ಓದಿದಾಗಿನಿಂದ ಅನ್ನ ಇಳಿಯುತ್ತಿಲ್ಲ. ಅಚ್ಚು ಕೊರೆಸಬೇಡ.

ಅಮ್ಮನ ವಿಷಯ. ಆಗ ಡಾಕ್ಟರು ನನಗೆ ಎಲ್ಲ ಹೇಳಿದ್ದರು. ನಿನಗೆ ಬರೆದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದೆ. ಅಷ್ಟೇ, ಬೇರೆ ಯಾವ ಸಮಜಾಯಿಷಿಯೂ ನನ್ನ ಹತ್ತಿರ ಇಲ್ಲ. ತಪ್ಪು ನನ್ನದು.

ಅಪ್ಪ


ಮಾರ್ಚ್ ೯

ಅಪ್ಪ,

ಮೊದಲು ಕೆಲಸದ ಮಾತು. ಅಚ್ಚು ನಿಂತಿತು.

ನಿನ್ನ ಕಾಗದ ಹಿಡಿದುಕೊಂಡು ನೇರವಾಗಿ ಅಳತೆಪಟ್ಟಿಯವರ ಮೇಜಿಗೆ ಹೋದೆ. ಅವರು ಕನ್ನಡಕ ತೆಗೆದು ಪೂರ್ತಿ ಓದಿದರು. ಫೋನ್ ಎತ್ತಿ ಅವರ ತಾಯಿಗೆ ಮಾಡಿದರು. "ಅಮ್ಮಾ, ಆ ಮುಚ್ಚಳ ನೀನೇ ತೆಗ್ದ್ಯಾ? ನಿಜ ಹೇಳು." ಆ ಕಡೆಯಿಂದ ನಮಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ, "ಬಾಗಿಲಿಗೆ ಸಿಕ್ಕಿಸಿ ಒಡ್ದೆ ಕಣೇ. ನಿನಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

ಅವತ್ತು ಮಧ್ಯಾಹ್ನ ಕಾರ್ಖಾನೆಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಎಲ್ಲರೂ ಅವರವರ ಮನೆಗೆ ಫೋನ್ ಮಾಡಿದ್ದೇ ಮಾಡಿದ್ದು. ಗುಮಾಸ್ತರ ತಂದೆ ಬಾಟಲಿಯನ್ನು ಪಕ್ಕದ ಗ್ಯಾರೇಜಿಗೆ ಒಯ್ದು ಇಕ್ಕುಳದಲ್ಲಿ ತೆಗೆಸಿದ್ದರಂತೆ. ಡ್ರೈವರಣ್ಣನ ತಾಯಿ ಬಾಟಲಿ ಮುಟ್ಟಿಯೇ ಇರಲಿಲ್ಲ, ಮಗನ ಕಾರ್ಖಾನೆಯದ್ದು ಎಂದು ಷೋಕೇಸಿನಲ್ಲಿ ಇಟ್ಟಿದ್ದಾರೆ. ಇಪ್ಪತ್ತೆಂಟರಲ್ಲಿ ನಿಜವಾಗಿ ತೆರೆದವರು ಒಂಬತ್ತು ಜನ! ಹೆತ್ತವರನ್ನೇ ಪರೀಕ್ಷಕರನ್ನಾಗಿ ಮಾಡಿದ ಬುದ್ಧಿವಂತರು ನಾವು. ಮಕ್ಕಳಿಗೆ ನೂರಕ್ಕೆ ನೂರು ಕೊಡದೆ ಇನ್ನೇನು ಕೊಡುತ್ತೀರಿ ನೀವೆಲ್ಲ?

ಎರಡು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ನೀರಿನಲ್ಲಿ ಹೋಯಿತು. ಅಳಬೇಕಿತ್ತು. ಆದರೆ ನಿನ್ನ ಕಾಗದದಲ್ಲಿ "ಲಿಫ್ಟು" ಎಂಬಲ್ಲಿಗೆ ಬಂದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದದ್ದು ಇನ್ನೂ ಇಳಿದೇ ಇದೆ. ಮಗು ಚೆನ್ನಾಗಿದೆ. ಇದಕ್ಕಿಂತ ನನಗೆ ಬೇರೆ ಬೇಡ.

ಅಮ್ಮನ ವಿಷಯ ಓದಿದೆ. ಮೂರು ವರ್ಷ ನಾನು ಬೇರೇನೋ ಅಂದುಕೊಂಡಿದ್ದೆ, ನಾನು ಬಂದರೆ ನಿನಗೆ ತೊಂದರೆ ಎಂದು ಕರೆಯಲಿಲ್ಲ ಅಂತ. ಹೆದರಿಕೆಯಾದರೆ ನನಗೆ ಅರ್ಥವಾಗುತ್ತದೆ. ಅದು ನನಗೂ ಇದೆ.

ಈಗ ನಿನ್ನ ಮಗಳಾಗಿ ಅಲ್ಲ, ಕೆಲಸ ಗೊತ್ತಿಲ್ಲದವಳಾಗಿ ಕೇಳುತ್ತೇನೆ. ಮಗುವಿನ ಕೈಯಲ್ಲಿ ಇಲ್ಲದ್ದು, ನಿನ್ನ ಕೈಯಲ್ಲಿ ಇರುವುದು ಏನು? ನಾನು ಬಲ ಎಂದುಕೊಂಡು ಎರಡು ವರ್ಷ ಹಾಳುಮಾಡಿದೆ.

ನಿನ್ನ ಸ್ಕ್ರೂರಾಣಿ


ಮಾರ್ಚ್ ೨೧

ಸ್ಕ್ರೂರಾಣಿ,

ಮಾತ್ರೆಗಳು ಈಗ ಕಪಾಟಿನ ಮೇಲಿನ ಗೂಡಿನಲ್ಲಿವೆ, ದಿನಾ ಸೊಸೆಯೇ ಕೊಡುತ್ತಾಳೆ. ನಾಚಿಕೆಯೂ ಎರಡೇ ದಿನಕ್ಕೆ ಹೋಯಿತು.

ನಿನ್ನ ಪ್ರಶ್ನೆ ನನಗೆ ಹತ್ತು ವರ್ಷ ಕಡಿಮೆ ಮಾಡಿತು. ಖಾಲಿ ಬಾಟಲಿಯನ್ನು ಇಲಿಮರಿಯ ಮುಂದೆ ಇಟ್ಟು ಐದು ದಿನ ಪಕ್ಕದಲ್ಲೇ ಕೂತು ನೋಡಿದೆ. ಅವಳಿಗೆ ಬಲ ಇದೆ, ನನಗಿಂತ ಜಾಸ್ತಿ. ಬುದ್ಧಿಯೂ ಇದೆ. ಒತ್ತುತ್ತಾಳೆ, ಎಳೆಯುತ್ತಾಳೆ, ಗೋಡೆಗೆ ಹೊಡೆಯುತ್ತಾಳೆ, ಬಾಟಲಿಗೆ ಬೈಯುತ್ತಾಳೆ. ಒಂದನ್ನು ಮಾತ್ರ ಐದು ದಿನದಲ್ಲಿ ಒಂದು ಸಲವೂ ಮಾಡಲಿಲ್ಲ. ನಿಧಾನ. ಎಲ್ಲವೂ ಸರಕ್ಕನೆ. ಅವಳಿಗೆ ಪುರುಸೊತ್ತಿಲ್ಲ. ನನ್ನ ಹತ್ತಿರ ಉಳಿದಿರುವುದು ಅದೊಂದೇ.

ಹಿಂದೆ ಒಬ್ಬ ಮುದುಕಿ ಒಂದು ಪೆಟ್ಟಿಗೆಯ ಬೀಗ ರಿಪೇರಿಗೆ ತಂದಿದ್ದಳು. ಕೀಲಿಯನ್ನು ಬೇಗ ತಿರುಗಿಸಿದರೆ ಒಳಗಿನ ಸಣ್ಣ ಕೊಕ್ಕೆ ಚಿಮ್ಮಿ ಅಡ್ಡ ಕೂರುತ್ತಿತ್ತು, ಮೆಲ್ಲಗೆ ತಿರುಗಿಸಿದರೆ ಮಲಗಿದಲ್ಲೇ ಮಲಗಿರುತ್ತಿತ್ತು. ಅವಳ ಗಂಡ ಆತುರದವನಂತೆ, ಅದಕ್ಕೇ ಮಾಡಿಸಿಕೊಂಡಿದ್ದಳಂತೆ. ಆ ಬೀಗವನ್ನು ನಾನು ಎರಡು ವಾರ ಇಟ್ಟುಕೊಂಡು ಆಡಿದ್ದೆ, ರಿಪೇರಿ ಮೊದಲ ದಿನವೇ ಮುಗಿದಿತ್ತು.

ನಿನ್ನ ಮುಚ್ಚಳದೊಳಗೆ ಅಂಥ ಕೊಕ್ಕೆ ಇಟ್ಟರೆ? ಒತ್ತುವುದೇ ಬೇಡ. ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ. ವೃತ್ತ ಮೊಟ್ಟೆಯ ಹಾಗೆ ಬಂದಿದೆ, ಅದನ್ನು ವೃತ್ತ ಎಂದೇ ಓದಿಕೊ. ಮೂಲೆಯಲ್ಲಿರುವ ಇಲಿಯ ಚಿತ್ರ ನನ್ನದಲ್ಲ.

ಅಪ್ಪ


ಜೂನ್ ೪

ಅಪ್ಪ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೈಯಬೇಡ. ನಿನ್ನ ಮೊಟ್ಟೆಯನ್ನು ವೃತ್ತ ಮಾಡುತ್ತಿದ್ದೆವು. ಆ ಚಿತ್ರ ನೋಡಿದ ದಿನ ನಮ್ಮ ನಾಲ್ವರಿಗೂ ಊಟದ ಗಂಟೆ ಹೊಡೆದದ್ದು ಕೇಳಿಸಲಿಲ್ಲ. ಅಳತೆಪಟ್ಟಿಯವರೂ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲಕ್ಕೆ ಬಂದರು. ಹದಿನೇಳರಿಂದ ಇಪ್ಪತ್ತೆರಡರವರೆಗೆ ಆರು ಮಾದರಿ ಕಸಕ್ಕೆ ಹೋದವು. ಒಂದರ ಕೊಕ್ಕೆ ಹಾರಿ ಹೋಗಿ ಫ್ಯಾನಿನ ಮೇಲೆ ಕೂತಿದೆ, ಇನ್ನೂ ಇಳಿದಿಲ್ಲ.

ಈ ಕಾಗದದ ಜೊತೆ ಇರುವುದು ಇಪ್ಪತ್ತಮೂರು. ನಿನ್ನೆ ಮಕ್ಕಳ ಪರೀಕ್ಷೆ ಮುಗಿಯಿತು. ಐವತ್ತು ಮಕ್ಕಳು, ಒಬ್ಬರಿಗೂ ತೆರೆಯಲಾಗಲಿಲ್ಲ, ಹಲ್ಲಿನವಳಿಗೂ! ಒಬ್ಬ ಹುಡುಗ ಮಾತ್ರ ಬಾಟಲಿಯನ್ನು ತಂದು ನನ್ನ ಕೈಯಲ್ಲಿಟ್ಟು, "ನೀನೇ ತೆಗ್ದು ಕೊಡು, ನಂಗೆ ಆಟಕ್ಕೆ ಹೋಗ್ಬೇಕು" ಎಂದ. ಅವನಿಗೆ ನನ್ನ ಕೆಲಸ ಕೊಟ್ಟುಬಿಡಬೇಕು ಎನ್ನಿಸಿತು.

ವಯಸ್ಸಾದವರ ಪರೀಕ್ಷೆಗೆ ಈ ಸಲ ನಮ್ಮನ್ನು ಕಂಡರೆ ಆಗದವರನ್ನೇ ಹುಡುಕುತ್ತಿದ್ದೇವೆ. ನಿನಗೆ ಕಳಿಸುವಾಗ ಮಾತ್ರ ಫಾರಂ ಇಟ್ಟಿಲ್ಲ. ಬರೀ ದೂರು ಬರೆ. ಹೊಗಳಿದರೆ ಕಾಗದ ವಾಪಸ್ ಕಳಿಸುತ್ತೇನೆ.

ಮಗಳು


ಜೂನ್ ೧೪

ಮಗಳೇ,

ದೂರು ಕೇಳಿದೆಯಲ್ಲ, ತೆಗೆದುಕೋ.

ಮುಚ್ಚಳದ ಅಂಚು ನುಣುಪು, ಬೆರಳು ಜಾರುತ್ತದೆ. ಬಣ್ಣ ಚೆನ್ನಾಗಿಲ್ಲ. "ನಿಧಾನವಾಗಿ ತಿರುಗಿಸಿ" ಎಂದು ಮೇಲೆ ಬರೆದಿರುವುದು ಇರುವೆಗೆ ಓದಲು ಸರಿ. ಐದು ಸಲ ಪ್ರಯತ್ನಿಸಿದೆ, ಸೊಸೆ ಸಾಕ್ಷಿ. ಮೂರು ಸಲ ತೆರೆಯಿತು. ನಾನೇ ತೆರೆದೆ ಮಗಳೇ, ನನ್ನ ಕೈಯಿಂದಲೇ. ಮೂರನೇ ಸಲ ತೆರೆದಾಗ ಬಟಾಣಿ ಎಲ್ಲ ಚೆಲ್ಲಿತು, ಯಾರೂ ಬೈಯಲಿಲ್ಲ.

ಎರಡು ಸಲ ತೆರೆಯಲಿಲ್ಲ. ಕಾರಣ ಕಂಡುಹಿಡಿದಿದ್ದೇನೆ. ನನ್ನ ಕೈ ನಡುಗಿದಾಗ ನಿನ್ನ ಕೊಕ್ಕೆ ಅದನ್ನೂ ಆತುರ ಎಂದುಕೊಳ್ಳುತ್ತದೆ. ಮುದುಕರ ನಡುಕಕ್ಕೂ ಮಕ್ಕಳ ಆತುರಕ್ಕೂ ಇರುವ ವ್ಯತ್ಯಾಸವನ್ನು ಅದಕ್ಕೆ ಕಲಿಸಬೇಕು. ಹೇಗೆ ಎಂದು ಕಾಗದದಲ್ಲಿ ಹೇಳಲು ಬರುವುದಿಲ್ಲ. ನೀನು ಬಂದು ನನ್ನ ಕೈಯನ್ನು ಹಿಡಿದು ನೋಡಬೇಕು.

ಇನ್ನೊಂದು. ನಡುಕ ಜಾಸ್ತಿಯಾಗಿದೆ. ಕಳೆದ ವಾರ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಯ ಮೇಲಿತ್ತು. ಡಾಕ್ಟರಮ್ಮ ನರದ ಪರೀಕ್ಷೆ ಮಾಡಿಸಬೇಕು ಎಂದು ಇಪ್ಪತ್ತೆರಡನೇ ತಾರೀಕು, ಗುರುವಾರ, ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಏನಿರಬಹುದು ಎಂದು ಕೇಳಿದೆ. ಔಷಧಿಗೆ ಹಿಡಿತಕ್ಕೆ ಬರುವಂಥದ್ದೇ ಇರಬೇಕು, ನೋಡದೆ ಹೇಳಲಾರೆ ಎಂದರು. ನನಗೆ ಹೆದರಿಕೆಯಾಗಿದೆ. ನೀನು ಜೊತೆಗಿದ್ದರೆ ಕಡಿಮೆಯಾಗುತ್ತದೆ.

ಅಪ್ಪ


ಜೂನ್ ೧೯

ಅಪ್ಪ,

ನಿನ್ನ ಕಾಗದ ಈಗಷ್ಟೇ ಬಂತು. ಮೇಜಿನ ಪಕ್ಕ ನಿಂತುಕೊಂಡೇ ಓದಿದೆ. ಓದುತ್ತಾ ಓದುತ್ತಾ ಅಳು ಬಂತು, ಅಳುತ್ತಲೇ ಸಮಾಧಾನವಾಯಿತು. ಅಳತೆಪಟ್ಟಿಯವರು, "ಏನ್ರೀ, ಕೆಟ್ಟ ಸುದ್ದಿನಾ?" ಎಂದರು. "ಹೌದು ಮೇಡಂ, ನಮ್ಮಪ್ಪನೇ ಹೇಳಿದಾರೆ" ಎಂದು ನಕ್ಕೆ. ಅವರಿಗೆ ನಾನು ಯಾಕೆ ನಗುತ್ತಿದ್ದೇನೆ ಎಂದು ತಿಳಿಯಲಿಲ್ಲ. ರಜೆ ಮಾತ್ರ ಕೇಳುವ ಮೊದಲೇ ಕೊಟ್ಟರು.

ಟಿಕೆಟ್ಟು ಸಿಕ್ಕಿದೆ, ಇವತ್ತು ಮಧ್ಯಾಹ್ನದ್ದು. ಈ ಕಾಗದ ಹಾಕಿಯೇ ಸ್ಟೇಷನ್ನಿಗೆ ಹೋಗುತ್ತೇನೆ. ಇದು ನಿನ್ನ ಕೈಸೇರುವಾಗ ತಂದುಕೊಟ್ಟ ಅಂಚೆಯವರಿಗೆ ಬಾಗಿಲು ತೆಗೆಯುವವಳು ನಾನೇ ಆಗಿರುತ್ತೇನೆ.

ಮಗಳು